ಅಪ್ಪನ ಕೆಮ್ಮು

ಮಾರ್ಚ್ 4, ಮಂಗಳವಾರ

ಈ ಪುಸ್ತಕದ ಮೊದಲ ಇಪ್ಪತ್ತು ಪುಟಗಳಲ್ಲಿ ಕಂಡವರ ಎದೆ, ಸೊಂಟ, ತೋಳಿನ ಅಳತೆಗಳಿವೆ. ಇಪ್ಪತ್ತೊಂದನೆಯ ಪುಟದಿಂದ ನಾನು. ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಹದಿನೆಂಟು ದಿನ, ಅಂದರೆ ಅಪ್ಪ ತೀರಿಹೋಗಿ ಹದಿನೆಂಟು ದಿನ. ಎತ್ತುಗಳಿಗೆ ಇವತ್ತು ಏನು ಕಲಿಸಿದೆ ಅಂತ ಬರೆದಿಡದಿದ್ದರೆ ನಾಳೆ ನನಗೇ ಮರೆತಿರುತ್ತದೆ. ಬರೆಯುವುದಕ್ಕೆ ಬೇರೆ ಘನಂದಾರಿ ಕಾರಣವೇನೂ ಇಲ್ಲ.

ಅಪ್ಪ ಬಿಟ್ಟುಹೋದದ್ದು ಒಂದೂವರೆ ಎತ್ತು. ನೊಗದ ಎಡಗಡೆಗೆ ಕಟ್ಟುವ ಮುದುಕ ಪೂರ್ತಿ ಪಳಗಿದವನು, ಹನ್ನೊಂದು ವರ್ಷದಿಂದ ಮರದ ದಿಮ್ಮಿ ಎಳೆಯುತ್ತಿದ್ದಾನೆ. ಬಲಗಡೆಯ ಹೊಸಬ ಅರ್ಧ ಪಳಗಿದವನು. ನೊಗ ಹೊರುತ್ತಾನೆ, ಬರೀ ಸರಪಳಿಯಾದರೆ ಎಳೆಯುತ್ತಾನೆ, ನಿಲ್ಲು ಅಂದರೆ ಮಾತ್ರ ಅವನ ಮನಸ್ಸು. ಎತ್ತಿಗೆ ಎಳೆಯುವುದನ್ನು ಯಾರು ಬೇಕಾದರೂ ಕಲಿಸಬಹುದು, ನಿಲ್ಲುವುದನ್ನು ಕಲಿಸುವುದೇ ಕೆಲಸ ಅಂತ ಅಪ್ಪ ಹೇಳುತ್ತಿದ್ದ. ಗುಡ್ಡದಿಂದ ಮರದ ಮಿಲ್ಲಿಗೆ ಇಳಿಯುವ ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ದಿಮ್ಮಿಯ ವೇಗ ಮುರಿಯಬೇಕು. ಎತ್ತು ನಿಲ್ಲದೆ ಓಡಿದರೆ ಹಿಂದಿನ ದಿಮ್ಮಿಯೂ ಓಡಿಬರುತ್ತದೆ. ಆಮೇಲೆ ಎತ್ತಿನ ಕಾಲೂ ಇಲ್ಲ, ನಡೆಸುವವರ ಕಾಲೂ ಇಲ್ಲ.

ಏಪ್ರಿಲ್ ಹದಿನೈದರವರೆಗೆ ಕಾಯುತ್ತೇನೆ ಅಂತ ಮಿಲ್ಲಿನ ಮೇಸ್ತ್ರಿಯವರು ಹೇಳಿದ್ದಾರೆ. ಪುಣ್ಯಾತ್ಮರು. ಆ ದಿನ ಜೋಡಿ ಸರಿಯಾಗಿ ಇಳಿದರೆ ಅಪ್ಪನ ಕೆಲಸ ನನಗೆ. ಇಲ್ಲದಿದ್ದರೆ ಎತ್ತುಗಳನ್ನು ಮಾರಬೇಕು. ಹೊಸಬನನ್ನು ಯಾರಾದರೂ ಕೊಳ್ಳುತ್ತಾರೆ. ಮುದುಕನನ್ನು ಕೊಳ್ಳುವವರು ಎಂಥವರು ಅಂತ ನನಗೆ ಗೊತ್ತು, ಬರೆಯುವುದು ಬೇಡ.

ಮಾರನೆಯ ದಿನ, ಹದಿನಾರಕ್ಕೆ, ಅಮ್ಮನ ಬಸ್ಸು. ಚಿಕ್ಕಮ್ಮ ಸಮುದ್ರದ ದಡದಲ್ಲಿ ಮನೆ ಮಾಡಿ ಮೂವತ್ತು ವರ್ಷವಾಗಿದೆ, ಅಮ್ಮ ಒಮ್ಮೆಯೂ ಹೋಗಿಲ್ಲ. ಪ್ರತಿ ಸಲವೂ ಅಪ್ಪ "ಮುಂದಿನ ವರ್ಷ" ಅಂದ. ಅವನು ಹೋದ ಒಂಬತ್ತನೆಯ ದಿನವೇ ನಾನು ಟಿಕೆಟ್ ತಂದುಬಿಟ್ಟೆ. ಜನ ಏನಂದುಕೊಂಡಾರು ಅಂತ ಅಮ್ಮ ಗೊಣಗಿದಳು. ಆಮೇಲೆ ಟಿಕೆಟ್ಟನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ತಲೆ ಬಾಚುವಾಗಲೆಲ್ಲ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡಳು.

ಮಾರ್ಚ್ 6, ಗುರುವಾರ

ಮರ್ಯಾದೆ ಹೋಯಿತು. ಅಪ್ಪ ಹೇಳುತ್ತಿದ್ದ ಮಾತುಗಳನ್ನೆಲ್ಲ ಹೇಳಿದೆ. "ನಡಿ" ಅಂದರೆ ನಡೆದವು. "ನಿಂತ್ಕೋ" ಅಂದೆ, ನಡೆದವು. "ನಿಂತ್ಕೋ ಮಾರಾಯ" ಅಂದೆ, ಇನ್ನೂ ಜೋರಾಗಿ ನಡೆದವು. ಹೊಸಬ ಪಕ್ಕದ ಮನೆಯ ಬೇಲಿಯನ್ನು ಕೊರಳಿಗೆ ಹಾಕಿಕೊಂಡು ಅವರ ಬಟ್ಟೆ ಒಣಗುವ ಹಗ್ಗದವರೆಗೂ ಹೋದ. ಪಕ್ಕದ ಮನೆಯಾಕೆಯ ಎರಡು ಒಳಲಂಗ ಕೊಂಬಿನ ಮೇಲೆ ಬಂದವು. ಮುದುಕ ಮಾತ್ರ ಇದಕ್ಕೂ ತನಗೂ ಸಂಬಂಧವಿಲ್ಲ ಅನ್ನುವ ಮುಖದಲ್ಲಿ ಅವನ ಜೊತೆಗೇ ನಡೆದ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಮ್ಮ ನಗುತ್ತಾ ನಗುತ್ತಾ ಒಳಗೆ ಹೋಗಿ ಕೂತಳು. ಕೂತದ್ದು ಅಪ್ಪನ ಕುರ್ಚಿಯಲ್ಲಿ. ಅದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳು ಏಳುತ್ತಾಳೇನೋ ಅಂದುಕೊಂಡೆ. ಏಳಲಿಲ್ಲ.

"ಇಷ್ಟು ಮೆತ್ತಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲೇ ನಂಗೆ," ಅಂದಳು.

ಅಮ್ಮ ಹೀಗೆ ನಕ್ಕದ್ದನ್ನು ನಾನು ನನ್ನ ಮೂವತ್ತಾರು ವರ್ಷದಲ್ಲಿ ನೋಡಿರಲಿಲ್ಲ. ಬೇಲಿ ಹೋದರೆ ಹೋಗಲಿ, ಕಟ್ಟಿಕೊಟ್ಟರಾಯಿತು.

ಮಾರ್ಚ್ 9, ಭಾನುವಾರ

ಎತ್ತಿನ ವಿಷಯ ಬರೆಯುವಂಥದ್ದೇನಿಲ್ಲ. ಬೆಲ್ಲ ಕೊಟ್ಟೆ, ತಿಂದವು. ಹಾಡು ಹೇಳಿದೆ, ಕೇಳಿಸಿಕೊಂಡವು. ನಿಲ್ಲಲಿಲ್ಲ.

ಅಮ್ಮ ಈಗ ರೇಡಿಯೋವನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಾಳೆ. ಹಸಿವಾದಾಗ ತಾನೇ ಬಡಿಸಿಕೊಂಡು ಉಣ್ಣುತ್ತಾಳೆ, ನನಗೆ ಕಾಯುವುದಿಲ್ಲ. ಇವತ್ತು ನಾನು ಕೊಟ್ಟಿಗೆಯಿಂದ ಬರುವಷ್ಟರಲ್ಲಿ ಅವಳ ತಟ್ಟೆ ತೊಳೆದೂ ಆಗಿತ್ತು. ನನಗೆ ಖುಷಿಯೇ ಆಯಿತು.

ಮೊದಲು ಹೀಗಿರಲಿಲ್ಲ. ಅಪ್ಪ ಸಂಜೆ ಬಂದು ಗೇಟಿನ ಹತ್ತಿರ ಒಂದು ಸಲ ಕೆಮ್ಮುತ್ತಿದ್ದ. ಕಾಯಿಲೆಯ ಕೆಮ್ಮಲ್ಲ. ಗಂಟಲಿನ ಬುಡದಿಂದ ಬರುವ ಒಂದೇ ಒಂದು ಒಣ ಕೆಮ್ಮು. ಅಮ್ಮ ಎಲ್ಲಿದ್ದರೂ "ಬಂದೆ" ಅನ್ನುತ್ತಿದ್ದಳು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದಳು. ಏಳುವಾಗ ಅವಳ ಎಡಗೈ ಪಕ್ಕೆಯನ್ನು ಒತ್ತಿಕೊಳ್ಳುತ್ತಿತ್ತು. ವಾಯು ಇರಬೇಕು ಅಂದುಕೊಂಡಿದ್ದೆ. ಅಪ್ಪ ಹೋದಮೇಲೆ ಅವಳ ವಾಯುವೂ ಹೋಗಿದೆ.

ಅಪ್ಪ ಅಮ್ಮನ ಮೇಲೆ ಕೈ ಎತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವನ ಪರವಾಗಿ ಇಷ್ಟನ್ನಾದರೂ ಹೇಳಬೇಕು.

ಮಾರ್ಚ್ 13, ಗುರುವಾರ

ಸಿಕ್ಕಿತು.

ನೆಗಡಿಯಾಗಿ ಎರಡು ದಿನದಿಂದ ಮೂಗು ಕಟ್ಟಿದೆ. ಬೆಳಗ್ಗೆ ಚಳಿ ಅಂತ ಅಪ್ಪನ ಕೋಟು ಹಾಕಿಕೊಂಡು ಜೋಡಿಯನ್ನು ಹಿತ್ತಲ ಬಯಲಿಗೆ ಹೊಡೆದುಕೊಂಡು ಹೋದೆ. "ನಿಂತ್ಕೋ" ಅನ್ನಲು ಬಾಯಿ ತೆರೆದರೆ ಗಂಟಲಲ್ಲಿ ಕಫ ಸಿಕ್ಕಿಕೊಂಡು ಕೆಮ್ಮು ಬಂತು. ಎರಡೂ ನಿಂತವು. ನಾನು ಇನ್ನೂ ಏನೂ ಹೇಳಿರಲಿಲ್ಲ. ಮುದುಕ ನಿಂತದ್ದಷ್ಟೇ ಅಲ್ಲ, ಒಂದು ಹೆಜ್ಜೆ ಹಿಂದೆ ಸರಿದು ನೊಗದ ಕೆಳಗೆ ಕೊರಳು ಸರಿಮಾಡಿಕೊಂಡ. ಹೊಸಬನ ಪಕ್ಕೆಯ ಚರ್ಮ ಒಮ್ಮೆ ಅದುರಿತು.

ಮತ್ತೆ ನಡೆಸಿದೆ, ಮತ್ತೆ ಕೆಮ್ಮಿದೆ. ನಿಂತವು. ಏಳು ಸಲ ಮಾಡಿದೆ, ಏಳು ಸಲವೂ ನಿಂತವು. ಅಪ್ಪ "ನಿಂತ್ಕೋ" ಅನ್ನುವ ಮೊದಲು ಯಾವಾಗಲೂ ಕೆಮ್ಮುತ್ತಿದ್ದ. ಅವು ಇಷ್ಟು ವರ್ಷ ಕೇಳಿದ್ದು ಮಾತನ್ನಲ್ಲ. ಇಷ್ಟು ಸುಲಭದ್ದನ್ನು ನಾವ್ಯಾರೂ ಗಮನಿಸಿರಲಿಲ್ಲವಲ್ಲ ಅಂತ ತಲೆ ಚಚ್ಚಿಕೊಂಡೆ.

ಅಮ್ಮನಿಗೆ ಹೇಳೋಣ ಅಂತ ಓಡಿಬಂದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಅಮ್ಮ ಒಲೆಯ ಹತ್ತಿರ ಇರಲಿಲ್ಲ, ಮುಂಬಾಗಿಲಲ್ಲಿ ಗೇಟಿನ ಕಡೆ ಮುಖ ಮಾಡಿ ನಿಂತಿದ್ದಳು, ಕೈಯಲ್ಲಿ ಸೌಟು. ಏಳು ಸಲವೂ "ಬಂದೆ" ಅಂದಳಂತೆ. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೂ ನಕ್ಕಳು.

ಮಾರ್ಚ್ 15, ಶನಿವಾರ

ನೆಗಡಿ ವಾಸಿಯಾಯಿತು, ಕೆಮ್ಮು ಹೋಗದ ಹಾಗೆ ನೋಡಿಕೊಳ್ಳಬೇಕು. ತೆಳುವಾಗಿ ಬಂದರೆ ಅವು ಕಿವಿಯಾಡಿಸಿ ಸುಮ್ಮನಾಗುತ್ತವೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಹೊಟ್ಟೆ ಬಿಗಿಹಿಡಿದು ಕೆಮ್ಮಿದರೆ ಸರಿಯಾಗಿ ಬರುತ್ತದೆ. ಕೊಟ್ಟಿಗೆಯಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದೆ. ಕೋಟು ಹಾಕಿಕೊಂಡಿದ್ದರೆ ಇನ್ನೂ ಚೆನ್ನಾಗಿ ಬರುತ್ತದೆ, ಯಾಕೋ ಗೊತ್ತಿಲ್ಲ. ತೋಳು ಎರಡು ಇಂಚು ಉದ್ದವಿತ್ತು, ಮಡಿಸಿ ಹೊಲಿದುಕೊಂಡೆ.

ಇವತ್ತು ಸಣ್ಣ ದಿಮ್ಮಿ ಕಟ್ಟಿ ಎಳೆಸಿದೆ.

ಮಾರ್ಚ್ 20, ಗುರುವಾರ

ಲಾಳ ಕಟ್ಟುವವನು ಬಂದಿದ್ದ. ಅಪ್ಪನ ವಯಸ್ಸಿನವನು, ಅಪ್ಪನ ಎತ್ತುಗಳಿಗೆಲ್ಲ ಇವನೇ ಲಾಳ ಕಟ್ಟಿದ್ದು. ನಾನು ಒಳಗೆ ಹೊಸಬನನ್ನು ಸುಮ್ಮನಾಗಿಸಲು ಕೆಮ್ಮಿದಾಗ ಗೇಟಿನಲ್ಲಿದ್ದ ಅವನ ಕೈಯಿಂದ ಸಲಕರಣೆಯ ಚೀಲ ಕೆಳಗೆ ಬಿತ್ತು. ಒಳಗೆ ಬಂದು ನನ್ನನ್ನು ನೋಡಿದ ಮೇಲೂ ಅವನ ಮುಖಕ್ಕೆ ಬಣ್ಣ ಬರಲು ಸ್ವಲ್ಪ ಹೊತ್ತು ಬೇಕಾಯಿತು. ದೆವ್ವಕ್ಕೂ ಲಾಳ ಕಟ್ತೀಯಾ ಅಂತ ಕಿಚಾಯಿಸಿದೆ. ನಗಲಿಲ್ಲ.

ಹೊಸಬನನ್ನು ಕೆಡವಿ ಕಾಲು ಕಟ್ಟಿದಾಗ ಅವನ ಎಡಪಕ್ಕೆಯ ಮೇಲೆ ಕೈಯಾಡಿಸಿ ತೋರಿಸಿದ. ಕೂದಲಿನ ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟುಗಳಿದ್ದವು, ಸಾಲಾಗಿ ಐದಾರು. ಮುದುಕನ ಪಕ್ಕೆಯಲ್ಲೂ ಇವೆ, ಹಳೆಯವು, ಗಟ್ಟಿಯಾಗಿಬಿಟ್ಟಿವೆ. ಇಷ್ಟು ದಿನ ಉಣ್ಣೆಹುಳ ಕಚ್ಚಿದ ಗುರುತು ಅಂದುಕೊಂಡಿದ್ದೆ.

"ಸುಮ್ನೆ ಕೆಮ್ಮಿದ್ರೆ ಎತ್ತು ನಿಲ್ಲುತ್ತಾ ತಾಯಿ?" ಅಂದ. "ಮೊದಲು ಕೆಮ್ಮೋದು. ಮೂರು ಎಣಿಸೋದು. ಆಮೇಲೆ ಮೊಳೆ. ಒಂದು ತಿಂಗಳು ಹಂಗೇ ಮಾಡ್ತಿದ್ರು. ಆಮೇಲೆ ಮೊಳೆ ಬೇಕಾಗಲ್ಲ, ಬರೀ ಕೆಮ್ಮು ಸಾಕು. ನಿಮ್ಮಪ್ಪ ಯಾರನ್ನ ಪಳಗಿಸಿದ್ರೂ ಹಂಗೇನೇ."

ಮೊಳೆ ಬಡಿದ ಕೋಲು ಕೊಟ್ಟಿಗೆಯ ಜಂತೆಯಲ್ಲಿ ಸಿಕ್ಕಿಸಿತ್ತು. ಚಿಕ್ಕಂದಿನಿಂದ ನೋಡಿದ್ದೇನೆ. ಮೊಳೆಯ ತುದಿ ಹೊರಗೆ ಬಂದಿರುವುದು ಅಕ್ಕಿಕಾಳಿನಷ್ಟು.

ಅಮ್ಮ ಅವನಿಗೆ ಚಹಾ ತಂದುಕೊಟ್ಟಳು. ಅವನು ಅವಳ ಮುಖ ನೋಡದೆ ಲೋಟ ತೆಗೆದುಕೊಂಡ. ಯಾರನ್ನ ಪಳಗಿಸಿದ್ರೂ ಅಂದನಲ್ಲ, ಆ ಮಾತು ಆಮೇಲೆ ನೆನಪಾಯಿತು. ಯಾವ ಎತ್ತನ್ನ ಅನ್ನಬೇಕಿತ್ತು. ಓದುಬರಹವಿಲ್ಲದವನು, ಬಾಯಿಗೆ ಬಂದದ್ದು ಅಂದಿರುತ್ತಾನೆ. ಅಪ್ಪ ಅಮ್ಮನ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿಲ್ಲ ಅಂತ ಈ ಪುಸ್ತಕದಲ್ಲೇ ಬರೆದಿದ್ದೇನೆ. ನಾನು ಹುಟ್ಟುವ ಮೊದಲಿನದು ನನಗೆ ಗೊತ್ತಿಲ್ಲ.

ಎಂಟು ಕಾಲಿನ ಲಾಳವೂ ಚೆನ್ನಾಗಿ ಕೂತಿವೆ. ನಾಳೆಯಿಂದ ಕಲ್ಲು ದಾರಿಯಲ್ಲಿ ನಡೆಸಬಹುದು.

ಮಾರ್ಚ್ 24, ಸೋಮವಾರ

ಹೊಸಬನಿಗೆ ಕೆಮ್ಮು ಸಾಕಾಗುತ್ತಿಲ್ಲ. ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಮೊದಲು ತಕ್ಷಣ ನಿಲ್ಲುತ್ತಿದ್ದವನು ಈಗ ಎರಡು ಹೆಜ್ಜೆ ಹೆಚ್ಚಿಗೆ ಇಡುತ್ತಾನೆ. ಇವತ್ತು ನಾಲ್ಕು. ಕೆಮ್ಮಿನ ಹಿಂದೆ ಏನೂ ಬರುವುದಿಲ್ಲ ಅಂತ ಅವನಿಗೆ ತಿಳಿದುಹೋಗಿದೆ. ಗುಡ್ಡದ ದಾರಿಯಲ್ಲಿ ನಾಲ್ಕು ಹೆಜ್ಜೆ ಅಂದರೆ ದಿಮ್ಮಿ ಬೆನ್ನ ಮೇಲೆ.

ಬೆಲ್ಲ ಕೊಟ್ಟು, ಮೈ ತಿಕ್ಕಿ, ಕಿವಿಯಲ್ಲಿ ಬುದ್ಧಿ ಹೇಳಿದೆ. ಕೇಳುವವನ ಹಾಗೆ ತಲೆ ಆಡಿಸಿದ. ಕಳ್ಳ.

ಮಾರ್ಚ್ 26, ಬುಧವಾರ

ಮಾಡಿದೆ.

ಕೆಮ್ಮಿದೆ. ಒಂದು, ಎರಡು, ಮೂರು. ಹೊಸಬ ನಡೆಯುತ್ತಲೇ ಇದ್ದ. ಕಣ್ಣು ಮುಚ್ಚಿಕೊಂಡು ಚುಚ್ಚಿದೆ. ಅವನು ಕೂಗಲಿಲ್ಲ. ಮೈಯೆಲ್ಲ ಒಮ್ಮೆ ಬಿಗಿಯಾಗಿ ತಲೆ ತಿರುಗಿಸಿ ನನ್ನನ್ನು ನೋಡಿದ. ಬೆಲ್ಲ ತಿನ್ನುವಾಗ ನೋಡುತ್ತಿದ್ದ ಅದೇ ಕಣ್ಣು. ಹುಲ್ಲಿನ ಬಣವೆಯ ಹಿಂದೆ ಹೋಗಿ ಅತ್ತೆ. ನಾನು ಅಪ್ಪನಿಗಾಗಿ ಅತ್ತಿರಲಿಲ್ಲ.

ಆಮೇಲೆ ಇನ್ನೂ ನಾಲ್ಕು ಸಲ ಚುಚ್ಚಬೇಕಾಯಿತು. ಕೊನೆಯ ಸಲ ಮೂರು ಎಣಿಸುವ ಮೊದಲೇ ನಿಂತ.

ಮಾರ್ಚ್ 28, ಶುಕ್ರವಾರ

ಎರಡು ಸಲ. ಅಳು ಬರಲಿಲ್ಲ. ಅವನಿಗೂ ಅಭ್ಯಾಸವಾಗುತ್ತಿದೆ.

ಏಪ್ರಿಲ್ 2, ಬುಧವಾರ

ಕೋಲು ಬೇಕಾಗುತ್ತಿಲ್ಲ, ಕೈಯಲ್ಲಿ ಹಿಡಿದಿದ್ದರೆ ಸಾಕು. ದೊಡ್ಡ ದಿಮ್ಮಿ ಕಟ್ಟಿ ಅರ್ಧ ಗುಡ್ಡ ಇಳಿಸಿದೆ. ಕೆಮ್ಮಿದ ಜಾಗದಲ್ಲೇ ನಿಂತ. ಎದೆ ತುಂಬಿಬಂತು. ಅಂಗಡಿಯಲ್ಲಿ ಹದಿನಾಲ್ಕು ವರ್ಷ ಬಟ್ಟೆ ಹೊಲಿದೆ. ನಾನು ಹೊಲಿದ ಒಂದು ರವಿಕೆಯೂ ಹೇಳಿದ ಮಾತು ಇಷ್ಟು ಕೇಳಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅಮ್ಮ ಬಿಸಿನೀರು ಕಾಯಿಸಿ, ಟವಲು ಹಿಡಿದುಕೊಂಡು ನಿಂತಿದ್ದಳು. "ಬಂದ್ರಾ? ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ," ಅಂದಳು. ನನಗೆ! ಯಾವ ಊರಿನ ದೊಡ್ಡವರು ಬಂದಿದ್ದಾರೆ ಅಂತ ನಾನು ಹಿಂದೆ ತಿರುಗಿ ನೋಡಿದೆ. ಅಮ್ಮ ನಾಲಿಗೆ ಕಚ್ಚಿಕೊಂಡಳು. ಕೋಟು ನೋಡಿ ಬಾಯಿ ತಪ್ಪಿತಂತೆ. ವಯಸ್ಸಾಯಿತು ಪಾಪ.

ಮನೆ ಈಗ ಒಂದು ಹದಕ್ಕೆ ಬಂದಿದೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ರೇಡಿಯೋ ಗದ್ದಲ ಇಲ್ಲ. ಅದರ ಬ್ಯಾಟರಿ ಮುಗಿದಿರಬೇಕು, ಕೇಳಲಿಲ್ಲ. ದಣಿದು ಬಂದವರಿಗೆ ಸ್ವಲ್ಪ ಶಾಂತಿ ಬೇಕು. ಕುರ್ಚಿಯೂ ಖಾಲಿ ಇರುತ್ತದೆ. ನಾನು ಕೂರುತ್ತೇನೆ, ಬೆನ್ನಿಗೆ ಒಳ್ಳೆಯದು.

ಏಪ್ರಿಲ್ 5, ಶನಿವಾರ

ಅಮ್ಮನ ಚೀಲ ಹೊಲಿದು ಮುಗಿಸಿದೆ. ಹಸಿರು ರೇನ್‌ಕೋಟಿನ ಬಟ್ಟೆ, ಸಮುದ್ರದ ನೀರು ಹಾರಿದರೂ ನೆನೆಯುವುದಿಲ್ಲ. ಎರಡು ಜೇಬು, ಒಂದಕ್ಕೆ ಗುಂಡಿ. ಅಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಓಡಾಡಿದಳು. ಬಹಳ ದಿನದ ಮೇಲೆ ಅವಳ ಮುಖ ನೋಡುವ ಹಾಗಿತ್ತು.

ಹತ್ತು ದಿನ ಇದ್ದು ಬರುತ್ತೀಯಲ್ಲ ಅಂತ ಕೇಳಿದೆ. "ನೋಡೋಣ," ಅಂದಳು.

ಏನು ನೋಡುವುದು? ಹತ್ತು ದಿನ ಅಂದರೆ ಹತ್ತು ದಿನ. ನಾನು ಬೆಳಗಿನ ಜಾವವೇ ಗುಡ್ಡ ಹತ್ತಬೇಕು. ಮೇವು ಕತ್ತರಿಸುವವರು ಯಾರು, ಕಲಗಚ್ಚಿನ ಬಾನಿ ತೊಳೆಯುವವರು ಯಾರು, ನನಗೆ ಒಂದು ತುತ್ತು ಬೇಯಿಸುವವರು ಯಾರು? ಹೀಗೆಲ್ಲ ಅವಳಿಗೆ ಹೇಳಲಿಲ್ಲ. ಹೋಗಬೇಡ ಅಂತಲೂ ಹೇಳಲಿಲ್ಲ. ಟಿಕೆಟ್ ತಂದವಳೇ ನಾನು.

ಏಪ್ರಿಲ್ 9, ಬುಧವಾರ

ಊಟದ ಹೊತ್ತಿಗೆ ಅಮ್ಮ ನೀರು ಇಡುವುದನ್ನು ಮರೆತಿದ್ದಳು. ನಾನು ಏನೂ ಅನ್ನಲಿಲ್ಲ, ಗಂಟಲು ಒಣಗಿ ಒಂದು ಕೆಮ್ಮು ಬಂತಷ್ಟೇ. ಅಮ್ಮ "ಬಂದೆ" ಅಂತ ಎದ್ದ ರಭಸಕ್ಕೆ ಅವಳ ತಟ್ಟೆ ಮಗುಚಿಬಿತ್ತು. ಅನ್ನವೆಲ್ಲ ನೆಲದ ಮೇಲೆ. ಅದನ್ನು ಬಳಿಯದೆ ಮೊದಲು ನನಗೆ ನೀರು ತಂದಿಟ್ಟಳು. ಆಮೇಲೆ ನನ್ನ ಎದುರು ನಿಂತಳು. ಅಷ್ಟು ಗಟ್ಟಿಯಾಗಿ ಅವಳು ನಿಂತದ್ದನ್ನು ನಾನು ಕಂಡಿಲ್ಲ.

"ಆ ಕೆಮ್ಮು ಕೊಟ್ಟಿಗೆಲಿ ಇರ್ಲಿ ಕಣೆ. ಮನೆ ಒಳಗೆ ತರಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ತಾಯಿ ಮಗಳ ಕಾಲಿಗೆ ಬೀಳುವುದೇ? ಆಯಿತಮ್ಮ, ತರುವುದಿಲ್ಲ ಅಂತ ಆಣೆ ಮಾಡಿದೆ. ಇಬ್ಬರೂ ಕೂತು ನೆಲದ ಅನ್ನ ಬಳಿದೆವು. ಹೇಗೆ ಕಲಿತೆ ಅದನ್ನ, ಅಪ್ಪ ಹೇಗೆ ಕಲಿಸಿದ ಅಂತ ಕೇಳಬೇಕು ಅನ್ನಿಸಿತು. ಅವಳ ಎಡಗೈ ಪಕ್ಕೆಯ ಮೇಲಿತ್ತು. ಕೇಳಲಿಲ್ಲ.

ಏಪ್ರಿಲ್ 12, ಶನಿವಾರ

ಆಣೆ ಉಳಿಸಿಕೊಂಡಿದ್ದೇನೆ, ಹೆಚ್ಚುಕಡಿಮೆ. ನಿನ್ನೆ ಎರಡು ಸಲ ತಾನಾಗಿ ಬಂತು, ಇವತ್ತು ಒಂದು ಸಲ. ಗಂಟಲು ನನ್ನ ಮಾತು ಕೇಳುವುದಿಲ್ಲ. ಅಷ್ಟಕ್ಕೇ ಅಮ್ಮ ಹೀಗೆ ಬಾಗಿಲ ಸಂದಿಯಲ್ಲಿ ಸರಿದು ಓಡಾಡಬೇಕಾಗಿಲ್ಲ.

ಏಪ್ರಿಲ್ 15, ಮಂಗಳವಾರ

ಗೆದ್ದೆ.

ಬೆಳಗ್ಗೆ ಏಳಕ್ಕೆ ಗುಡ್ಡದ ತಲೆಯಲ್ಲಿದ್ದೆವು. ಮೇಸ್ತ್ರಿ ಆರಿಸಿ ಆರಿಸಿ ಎಲ್ಲಕ್ಕಿಂತ ದಪ್ಪನೆಯ ದಿಮ್ಮಿಯನ್ನೇ ಕೊಟ್ಟ, ಹೆಂಗಸು ಸೋತು ಹೋಗಲಿ ಅಂತಲೇ. ಮಿಲ್ಲಿನ ಆಳುಗಳು ದಾರಿಯುದ್ದಕ್ಕೂ ಕೂತು ಬೀಡಿ ಸೇದುತ್ತಾ ತಮಾಷೆ ನೋಡುತ್ತಿದ್ದರು. ಟೇಪು ತಂದಿದ್ದೀಯಾ, ಎತ್ತಿನ ಅಳತೆ ತೆಗೀತೀಯಾ ಅಂತ ಒಬ್ಬ ಕೇಳಿದ. ನೊಗ ಸರಿಮಾಡಿದೆ.

ಮೊದಲ ತಿರುವಿನಲ್ಲಿ ಕೆಮ್ಮಿದೆ, ನಿಂತವು. ಎರಡನೆಯದರಲ್ಲೂ ನಿಂತವು. ಮೂರನೆಯದು ಎಲ್ಲಕ್ಕಿಂತ ಕಡಿದು. ಅಲ್ಲಿ ದಿಮ್ಮಿ ಒಂದು ಪಕ್ಕಕ್ಕೆ ಹೊರಳಿ ಸರಪಳಿ ಹೊಸಬನ ಹಿಂಗಾಲಿಗೆ ಬಡಿಯಿತು. ಅವನು ಬೆದರಿ ಮುಂದಕ್ಕೆ ಹಾರಿದ. ಮುದುಕನನ್ನೂ ಎಳೆದುಕೊಂಡ. ದಿಮ್ಮಿ ಹಿಂದಿನಿಂದ ಸರಿಯಲು ಶುರುವಾಯಿತು, ನಾನು ಅದರ ಮುಂದೆಯೇ ಇದ್ದೆ. ಯಾರೋ ನನ್ನನ್ನು ಪಕ್ಕಕ್ಕೆ ಹಾರು ಅಂತ ಕೂಗಿದರು.

ಹಾರಲಿಲ್ಲ. ಗದ್ದ ಎದೆಗೆ ಒತ್ತಿ ಕೆಮ್ಮಿದೆ.

ಎರಡೂ ನೆಲಕ್ಕೆ ನಾಟಿದಂತೆ ನಿಂತವು. ಹಿಂಗಾಲು ಮಡಿಸಿ ಭಾರವನ್ನೆಲ್ಲ ಕೊರಳ ಮೇಲೆ ತಗೊಂಡು ದಿಮ್ಮಿಯನ್ನು ತಡೆದವು. ಹೊಸಬನ ಕಾಲಿನಿಂದ ರಕ್ತ ಬರುತ್ತಿತ್ತು, ಅವನು ಆ ಕಾಲನ್ನು ಎತ್ತಲೂ ಇಲ್ಲ. ಆಳುಗಳ ಮಾತು ನಿಂತಿತ್ತು. ಬೀಡಿ ಸೇದುತ್ತಿದ್ದವನ ಕೈ ಬಾಯಿಯ ಹತ್ತಿರವೇ ಉಳಿದಿತ್ತು. ಮೇಸ್ತ್ರಿ ನನ್ನನ್ನು ನೋಡಿ ಕಣ್ಣು ಕೆಳಗೆ ಮಾಡಿದ. ಒಂದು ಗಳಿಗೆ ಆ ಗುಡ್ಡದಲ್ಲಿ ಒಂದು ಜೀವವೂ ಅಲುಗಲಿಲ್ಲ. ನನಗೆ ಅದು ಇಷ್ಟವಾಯಿತು. ಸುಳ್ಳು ಯಾಕೆ ಬರೆಯಲಿ, ತುಂಬಾ ಇಷ್ಟವಾಯಿತು.

ನಾಡಿದ್ದಿನಿಂದ ಕೆಲಸಕ್ಕೆ ಬನ್ನಿ ಅಂದ ಮೇಸ್ತ್ರಿ. ಮೊನ್ನೆಯವರೆಗೂ ಬಾ ಹೋಗು ಅನ್ನುತ್ತಿದ್ದವನು.

ಮನೆಗೆ ಬಂದು ಹೇಳಿದಾಗ ಅಮ್ಮ ಕೈ ಮುಗಿದಳು. ಮುದುಕ ಉಳಿದ ಅಂದಳು. ಆಮೇಲೆ "ಹಾಗಾದ್ರೆ ನಾನು ನಾಳೆ ಹೊರಡ್ಲಾ?" ಅಂತ ಕೇಳಿದಳು. ಕೇಳುವುದೇನು ಬಂತು, ಟಿಕೆಟ್ ಇದೆಯಲ್ಲ ಅಂದೆ. ಹಸಿರು ಚೀಲ ಆಗಲೇ ತುಂಬಿ ಬಾಗಿಲ ಹಿಂದೆ ಇತ್ತು. ಎತ್ತಿ ನೋಡಿದೆ. ಹತ್ತು ದಿನದ ಬಟ್ಟೆಯ ಭಾರವಲ್ಲ ಅದು.

ಏಪ್ರಿಲ್ 16, ಬುಧವಾರ

ಬೆಳಗ್ಗೆ ಮಳೆ ಹನಿದು ನಿಂತಿತ್ತು. ಬೀದಿಯೆಲ್ಲ ಒದ್ದೆ, ಗಾಳಿ ತೊಳೆದಷ್ಟು ಶುಭ್ರ. ಬಸ್ಸು ಗೇಟಿನ ಎದುರಿಗೇ ನಿಲ್ಲುತ್ತದೆ. ಕಂಡಕ್ಟರ್ ಚೀಲ ಇಸಿದುಕೊಳ್ಳಲು ಕೈ ಚಾಚಿದ, ಅಮ್ಮ ಕೊಡಲಿಲ್ಲ, ತಾನೇ ಇಟ್ಟುಕೊಳ್ಳುತ್ತೇನೆ ಅಂದಳು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದಳು. ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು.

ನನ್ನ ಕೆನ್ನೆ ಸವರಿ, "ಹೊತ್ತಿಗೆ ಸರಿಯಾಗಿ ಉಣ್ಣು ಕಣೆ," ಅಂದಳು. ಯಾವಾಗ ಬರುತ್ತೀ ಅಂತ ಕೇಳಿದೆ. ಅವಳು ನನ್ನ ಮುಖ ನೋಡಿದಳು. ತಿರುಗಿ ನಡೆದಳು. ಅವಳ ನಡಿಗೆ ಬೇರೆಯೇ ಆಗಿತ್ತು. ಒಮ್ಮೆಯೂ ಹಿಂದೆ ನೋಡಲಿಲ್ಲ. ಅವಳು ಬರುವುದಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಇಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬಳೇ ಏನು ಮಾಡಲಿ?

ಅವಳು ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ನಾನು ಗೇಟಿನಲ್ಲಿ ನಿಂತಿದ್ದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಧೂಳಿರಬೇಕು. ಒಂದು ಸಲ ಕೆಮ್ಮಿದೆ. ಒಂದೇ ಒಂದು ಸಲ.

ಅಮ್ಮ ನಿಂತಳು. ಎಡಗೈ ಪಕ್ಕೆಗೆ ಹೋಯಿತು. ಮೆಟ್ಟಿಲಿನಿಂದ ಕಾಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದಳು.

"ಬಂದೆ," ಅಂದಳು.

ಕಂಡಕ್ಟರ್ ಹತ್ತಮ್ಮಾ ಹತ್ತು ಅಂತ ಎರಡು ಸಲ ಕರೆದ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ನಾನು ಹೋಗು ಅನ್ನಬಹುದಿತ್ತು. ಬಾಯಿ ತೆರೆದರೆ ಮತ್ತೆ ಕೆಮ್ಮು ಬರುತ್ತದೇನೋ ಅಂತ ಸುಮ್ಮನಿದ್ದೆ. ಬಸ್ಸು ಹೊರಟುಹೋಯಿತು. ಅಮ್ಮ ತಲೆ ತಗ್ಗಿಸಿ ನನ್ನ ಪಕ್ಕದಿಂದಲೇ ಒಳಗೆ ಹೋದಳು. ಅವಳ ಹೆಗಲಿನಿಂದ ಜಾರಿದ್ದ ಹಸಿರು ಚೀಲ ರಸ್ತೆಯ ಬದಿಯಲ್ಲೇ ಇತ್ತು, ನಾನು ಎತ್ತಿಕೊಂಡು ಬಂದೆ.

ನಾನು ನಿಲ್ಲು ಅನ್ನಲಿಲ್ಲ. ಯಾರನ್ನು ಬೇಕಾದರೂ ಕೇಳಿ, ನಾನು ಒಂದು ಮಾತೂ ಆಡಲಿಲ್ಲ.

ಏಪ್ರಿಲ್ 17, ಗುರುವಾರ

ಕೆಲಸದ ಮೊದಲ ದಿನ. ಆರು ದಿಮ್ಮಿ ಇಳಿಸಿದೆವು. ಹೊಸಬನ ಗಾಯಕ್ಕೆ ಮುಲಾಮು ಹಚ್ಚಿದೆ, ಕುಂಟುವುದಿಲ್ಲ.

ಕನ್ನಡಿಯಲ್ಲಿ ಟಿಕೆಟ್ ಇಲ್ಲ. ಹಸಿರು ಚೀಲವನ್ನು ಖಾಲಿ ಮಾಡಿ ಎತ್ತಿಗೆ ಕಡಲೆಕಾಯಿ ಹಿಂಡಿ ಒಯ್ಯಲು ಇಟ್ಟುಕೊಂಡೆ, ಗಟ್ಟಿ ಬಟ್ಟೆ, ನೆನೆಯುವುದಿಲ್ಲ. ಅಮ್ಮನೇ ಕೊಟ್ಟಳು.

ಸಂಜೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಬಿಸಿನೀರು ಕಾದಿತ್ತು. ಇವತ್ತು ಕೆಮ್ಮಬೇಕಾಗಲೇ ಇಲ್ಲ.